ಮಡ್ಡಿಯಿಂದ ಎರಿಗೆ ಇಳಿದು ಬರೆಯಿರಿ

ಆತ್ಮೀಯರೆ,

ವಿಜಯಪುರ ಜಿಲ್ಲೆಯ ತಿಕೋಟಾ ಸುತ್ತಲಿನ ಮಡ್ಡಿಗಳು, ಅಂದರೆ ಕಲ್ಲುನೆಲದ ಗುಡ್ಡಗಳು, ಮತ್ತು ಅಲ್ಲಿಯ ಮಣ್ಣಿನ ಬಗ್ಗೆ ನೀವು ಕಳಿಸಿದ ‘ಬೆಂಕಿ ಬೆಟ್ಟದ ಮಡಿಲಲ್ಲಿ’ ಲೇಖನ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಹಾಗಂತ ವಾಪಸು ಕಳಿಸಿ ಕೈ ತೊಳೆದುಕೊಳ್ಳುವಂಥದ್ದೂ ಅಲ್ಲ. ಅದಕ್ಕೇ ಈ ಪತ್ರ ಉದ್ದವಾಗುತ್ತಿದೆ.

ನಿಮ್ಮೂರ ಮಡ್ಡಿ ಆರಿದ ಜ್ವಾಲಾಮುಖಿ ಅಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಲಾವಾ ಉಕ್ಕಿ, ಪದರದ ಮೇಲೆ ಪದರ ಹರಡಿ ಗಟ್ಟಿಯಾಯಿತು. ಆಮೇಲೆ ಮಳೆ, ಹಳ್ಳ ಕೊರೆದು ಒಯ್ದಷ್ಟು ಹೋಗಿ ಉಳಿದದ್ದು ಈ ಗುಡ್ಡ. ನೆತ್ತಿ ಚಪ್ಪಟೆ ಇರುವುದು, ಓರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು ಅದಕ್ಕೇ. ‘ಬಾಯಿ ಮುಚ್ಚಿ ಕುಳಿತ ಅಗ್ನಿಪರ್ವತ’ ಎಂಬ ಸಾಲಿನ ಮೇಲೆ ನಿಮಗೆ ಪ್ರೀತಿ ಜಾಸ್ತಿ ಅನಿಸುತ್ತದೆ, ಮೂರು ಕಡೆ ಬಂದಿದೆ. ಮೂರೂ ಕಡೆ ತೆಗೆಯಿರಿ. ಬಾದಾಮಿಯ ಕೆಂಪು ಬಂಡೆಯನ್ನೂ ಇದೇ ಲೆಕ್ಕಕ್ಕೆ ಸೇರಿಸಿದ್ದೀರಿ. ಅದು ಮರಳುಗಲ್ಲು, ಈ ಲಾವಾಕ್ಕಿಂತ ಬಹಳ ಹಳೆಯದು. ಗೋಲಗುಮ್ಮಟದ ಕರಿಗಲ್ಲು ನಿಮ್ಮ ಮಡ್ಡಿಯ ಬಳಗವೇ, ಆ ಮಾತು ಇರಲಿ.

ಜಾವಾ ದ್ವೀಪದ ಎರಡು ಪುಟ ಪೂರ್ತಿ ಬೇಡ. ಅಲ್ಲಿ ಜೀವಂತ ಜ್ವಾಲಾಮುಖಿಗಳು ಹೊಸ ಬೂದಿ ಉದುರಿಸಿ ಮಣ್ಣಿಗೆ ಸತ್ವ ತುಂಬುತ್ತವೆ. ನಮ್ಮದು ಹಳೆಯ ಕಲ್ಲು ಶಿಥಿಲವಾಗಿ ಆದ ಜೇಡಿಮಣ್ಣು. ಕಪ್ಪಗಿದೆ ಎಂದರೆ ಸಾರ ತುಂಬಿದೆ ಎಂದಲ್ಲ. ಎರಿ, ಅಂದರೆ ಈ ಕಪ್ಪು ಜೇಡಿಮಣ್ಣಿನ ಹೊಲದಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ಅರ್ಧ ಪರ್ಸೆಂಟಿನ ಆಚೀಚೆ. ಸುಣ್ಣ ಹೆಚ್ಚಿರುವಲ್ಲಿ ಕಬ್ಬಿಣ, ಸತು ಇದ್ದರೂ ಬೇರಿಗೆ ದಕ್ಕುವುದಿಲ್ಲ. ಶೇಂಗಾ ಎಲೆ ಹಳದಿ ತಿರುಗುವುದನ್ನು ನೀವೇ ನೋಡಿರುತ್ತೀರಿ. ಎರಿಯ ತಾಕತ್ತು ಇರುವುದು ಹಸಿ ಹಿಡಿದಿಡುವುದರಲ್ಲಿ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆಯಲ್ಲಿ, ಹಿಂಗಾರಿ ಹಸಿಗೆ ಬಿತ್ತಿದ ಜೋಳ ಆಮೇಲೆ ಮಳೆ ಕಾಣದಿದ್ದರೂ ತೆನೆ ಕೊಡುವುದು ಅದರಿಂದಲೇ.

ಇಷ್ಟೆಲ್ಲ ಬೈದು ಹೇಳಬೇಕಾದ್ದು ಬೇರೆಯೇ ಇದೆ. ಕೊನೆಗೆಲ್ಲೋ, ತಂದೆಯವರು ದ್ರಾಕ್ಷಿ ಹಚ್ಚಲು ಮಡ್ಡಿಯಲ್ಲಿ ಜೆಸಿಬಿ ಹಚ್ಚಿ ಟ್ರೆಂಚ್ ಹೊಡೆಸಿದ್ದನ್ನು ಬರೆದಿದ್ದೀರಿ: ‘ಮೇಲೆ ಒಂದು ಗೇಣು ಮಣ್ಣು, ಕೆಳಗೆ ಹಿಸುಕಿದರೆ ಪುಡಿಯಾಗುವ ಗರಸು, ಅದರ ಕೆಳಗೆ ಬಿಳಿ ಹರಳು ಕೂತ ತೂತುಗಲ್ಲು.’ ಲಾವಾ ಆರುವಾಗ ಒಳಗೆ ಸಿಕ್ಕ ಗಾಳಿಗುಳ್ಳೆ ಆ ತೂತು. ಆಮೇಲೆ ನೀರು ತಂದು ತುಂಬಿದ ಖನಿಜ ಆ ಹರಳು. ನೀವು ಜಾವಾದಲ್ಲಿ ಹುಡುಕುತ್ತಿರುವ ಜ್ವಾಲಾಮುಖಿ ಆ ಟ್ರೆಂಚಿನ ಗೋಡೆಯಲ್ಲೇ ಇದೆಯಲ್ಲ!

ಲೇಖನ ಅಲ್ಲಿಂದ ಶುರುವಾಗಲಿ. ಆಮೇಲೆ ಕೆಳಗಿಳಿಯಿರಿ. ನೆತ್ತಿಯ ಮೇಲೆ ಕುರಿ ಮೇಯುವ ಹುಲ್ಲು, ಜಾಲಿ. ಓರೆಯಲ್ಲಿ ಸಜ್ಜೆ, ಹುರುಳಿ, ಮಡಕಿ. ಇನ್ನಷ್ಟು ಇಳಿದರೆ ತೊಗರಿ. ಡೋಣಿ ಹೊಳೆಯ ಬಯಲಿಗೆ ಬಂದರೆ ಆಳವಾದ ಎರಿ. ಬಿಳಿಜೋಳ, ಕಡಲೆ, ಕುಸುಬಿ. ಕಲ್ಲು ಒಂದೇ. ಮಳೆ ಮೇಲಿನ ಸಣ್ಣ ಮಣ್ಣನ್ನು ತೊಳೆದು ಕೆಳಗೆ ಕೂಡಿಸುತ್ತ ಬಂದಿದೆ, ಅಷ್ಟೇ. ‘ಡೋಣಿ ಹರಿದರೆ ಓಣಿಯೆಲ್ಲ ಕಾಳು’ ಎಂಬ ಮಾತು ಹುಟ್ಟಿದ್ದು ಆ ಬಯಲಿನಲ್ಲಿ. ಹೆಣ್ಣು ಕೊಡುವವರು ಎರಿ ಎಷ್ಟು ಎಕರೆ ಅಂತ ಕೇಳುತ್ತಿದ್ದರೇ ಹೊರತು ಮಡ್ಡಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಈಗ ಅದು ತಿರುಗುಮುರುಗಾಗಿದೆ. ದ್ರಾಕ್ಷಿಯ ಬೇರು ನಿಂತ ನೀರು ತಾಳುವುದಿಲ್ಲ. ಗರಸಿನಲ್ಲಿ ನೀರು ಬಸಿದು ಹೋಗುತ್ತದೆ, ಬೇಕಾದಷ್ಟನ್ನು ಡ್ರಿಪ್ ಕೊಡುತ್ತದೆ. ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ನಿಮ್ಮ ಕಡೆ ಬಂದ ಮೇಲಂತೂ ಮಡ್ಡಿಯ ಮಾತೇ ಬೇರೆ. ಇದನ್ನು ನೀವು ಒಂದೇ ಸಾಲಿನಲ್ಲಿ ಹಾರಿಸಿದ್ದೀರಿ. ನನಗೆ ಬೇಕಾದ್ದು ಇದೇ. ಟ್ರೆಂಚಿಗೆ ತುಂಬಿದ ಕರಿಮಣ್ಣು ಎಲ್ಲಿಂದ ಬಂತು, ಕೆರೆಯಿಂದಲೋ ಯಾರದೋ ಹೊಲದಿಂದಲೋ? ಎಷ್ಟು ಟ್ರಿಪ್, ಟ್ರಿಪ್ಪಿಗೆ ಎಷ್ಟು ಕೊಟ್ಟರು? ಮೇಲೆ ನೀರು ಹರಿಯತೊಡಗಿದ ಮೇಲೆ ಕೆಳಗಿನವರ ಎರಿ ಉಪ್ಪೇರಿ, ನೀರು ನಿಂತು ಸವಳು-ಜವಳು ಹಿಡಿದಿದೆಯೇ? ತಂದೆಯವರನ್ನೂ ಕೇಳಿ, ಕೆಳಗಿನ ಹೊಲದವರನ್ನೂ ಕೇಳಿ. ಇಬ್ಬರ ಉತ್ತರ ಒಂದೇ ಆಗಿರಲಿಕ್ಕಿಲ್ಲ, ಎರಡನ್ನೂ ಬರೆಯಿರಿ.

ಕಡೆಯ ಕವಿತೆ ಬೇಡ. ‘ಭೂತಾಯಿ’ ಒಂದು ಸಲ ಬಂದರೆ ಸಾಕು. ಗುಡ್ಡದ ಮೇಲೆ ಸೂರ್ಯ ಮುಳುಗುವ ಫೋಟೊ ನಮ್ಮಲ್ಲಿ ಬೇಕಾದಷ್ಟಿವೆ. ಟ್ರೆಂಚಿನ ಗೋಡೆಯದು ಒಂದು ಕಳಿಸಿ, ಪಕ್ಕದಲ್ಲಿ ಕುಡುಗೋಲು ಇಟ್ಟು ತೆಗೆಯಿರಿ, ಅಳತೆ ಗೊತ್ತಾಗಲಿ.