ಜೈಗೋಟ್, ಮೊರುಲಾ, ಎಂಬ್ರಿಯೊ, ಫೀಟಸ್: ಎಲ್ಲಾ ಒಂದೇನಾ?

ಎಲ್ಲವೂ ಬೆಳೆಯುತ್ತಿರುವ ಅದೇ ಜೀವದ ಹೆಸರುಗಳೇ, ಆದರೆ ಬೇರೆ ಬೇರೆ ಹಂತದವು.

ಅಂಡಾಣು, ವೀರ್ಯಾಣು ಸೇರಿ ಆದ ಒಂದೇ ಒಂದು ಕೋಶ ಜೈಗೋಟ್. ಗ್ರೀಕ್‌ನಲ್ಲಿ ಇದರ ಅರ್ಥ 'ನೊಗಕ್ಕೆ ಜೋಡಿಸಿದ್ದು'. ನಮ್ಮ ಪಠ್ಯಪುಸ್ತಕದ 'ಯುಗ್ಮಜ'ದಲ್ಲೂ ಅದೇ ಜೋಡಿಯ ಅರ್ಥವಿದೆ, ಚೆನ್ನಾಗಿದೆ ಅಲ್ವಾ?

ಆ ಕೋಶ ಎರಡಾಗಿ, ನಾಲ್ಕಾಗಿ ಒಡೆಯುತ್ತಾ ಮೂರು-ನಾಲ್ಕು ದಿನದಲ್ಲಿ ಸುಮಾರು 16 ಕೋಶಗಳ ಉಂಡೆಯಾಗುತ್ತದೆ. ಇದು ಮೊರುಲಾ. ಲ್ಯಾಟಿನ್‌ನ ಹಿಪ್ಪುನೇರಳೆ ಹಣ್ಣಿನ ಹೆಸರಿನಿಂದ ಬಂದ ಪದ. ರೇಷ್ಮೆ ತೋಟದಲ್ಲಿ ಆ ಹಣ್ಣು ನೋಡಿದ್ದರೆ ಹೋಲಿಕೆ ತಕ್ಷಣ ಹೊಳೆಯುತ್ತದೆ. ಒಂದು ತಮಾಷೆ: ಕೋಶಗಳು ಜಾಸ್ತಿಯಾದರೂ ಉಂಡೆಯ ಗಾತ್ರ ಹೆಚ್ಚೇನೂ ಬದಲಾಗಿರುವುದಿಲ್ಲ. ಹೊರಗಿನ ಪೊರೆಯೊಳಗೇ ಹಂಚಿಕೆ ನಡೆದಿರುತ್ತದೆ.

ಐದನೇ ದಿನದ ಹೊತ್ತಿಗೆ ಒಳಗೆ ನೀರು ತುಂಬಿ ಟೊಳ್ಳಾದರೆ ಬ್ಲಾಸ್ಟೊಸಿಸ್ಟ್. ಅಂಡಾಣು, ವೀರ್ಯಾಣುಗಳನ್ನು ಲ್ಯಾಬಿನಲ್ಲಿ ಸೇರಿಸುವ ಐವಿಎಫ್ ಚಿಕಿತ್ಸೆಯಲ್ಲಿ 'ಡೇ 5' ಅನ್ನುವುದು ಇದನ್ನೇ. ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುವುದೂ ಇದೇ. ಮೂರನೇ ವಾರದಲ್ಲಿ ಮೂರು ಪದರಗಳಾಗುವುದು ಗ್ಯಾಸ್ಟ್ರುಲಾ ಹಂತ.

ಎಂಟನೇ ವಾರ ಮುಗಿಯುವವರೆಗೆ ಎಂಬ್ರಿಯೊ, ಆಮೇಲೆ ಹುಟ್ಟುವವರೆಗೆ ಫೀಟಸ್. ಕನ್ನಡ ಪತ್ರಿಕೆಗಳು ಎರಡಕ್ಕೂ 'ಭ್ರೂಣ' ಎಂದೇ ಬರೆಯುತ್ತವೆ. ಗೊಂದಲದ ಮೂಲ ಅಲ್ಲೇ ಇದೆ ಅಂತ ನನಗನ್ನಿಸುತ್ತದೆ.

ಇನ್ನೊಂದು ವಿಷಯ. ಡಾಕ್ಟರು ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಮೇಲಿನ ಪುಸ್ತಕದ ಲೆಕ್ಕ ಶುರುವಾಗುವುದು ಅಂಡಾಣು, ವೀರ್ಯಾಣು ಸೇರಿದ ದಿನದಿಂದ, ಅಂದರೆ ಸುಮಾರು ಎರಡು ವಾರ ತಡವಾಗಿ. ಹಾಗಾಗಿ ಪುಸ್ತಕದ 8 ವಾರ ಸ್ಕ್ಯಾನ್ ರಿಪೋರ್ಟಿನಲ್ಲಿ 10 ವಾರ ಆಗಿರುತ್ತದೆ.