ಹಾರ್ನ್‌ನ ಬಾಯಿಯನ್ನು ಕಿರಿದಾಗಿಸುವ ಬಗ್ಗೆ

ಹಳೆಯ ಚಿತ್ರಮಂದಿರಗಳ ಧ್ವನಿವರ್ಧಕ ಘಟಕವಾದ ವೆಸ್ಟರ್ನ್ ಎಲೆಕ್ಟ್ರಿಕ್ 555ರ ಮಾದರಿಯಲ್ಲಿ ಕೈಯಿಂದ ತಯಾರಿಸಿದ ಫೀಲ್ಡ್ ಕಾಯಿಲ್ ಡ್ರೈವರ್‌ಗಳಿಗೆ (ಕಾಯಂ ಅಯಸ್ಕಾಂತದ ಬದಲು ವಿದ್ಯುತ್ ಸುರುಳಿಯಿಂದ ಕಾಂತಕ್ಷೇತ್ರ ಪಡೆದು ಸದ್ದು ಹೊರಡಿಸುವ ಘಟಕಗಳಿಗೆ) 100 ಹರ್ಟ್ಸ್‌ವರೆಗೆ ಇಳಿಯುವ ಮರದ ಹಾರ್ನ್ (ಕಹಳೆಯಂತೆ ಅಗಲವಾಗುತ್ತ ಹೋಗುವ ಧ್ವನಿಕೊಳವೆ) ಕಟ್ಟುವಾಗ, ಕೋಣೆ ಚಿಕ್ಕದೆಂಬ ಕಾರಣಕ್ಕೆ ಅದರ ಬಾಯಿಯನ್ನು 60 ಸೆಂಟಿಮೀಟರ್‌ಗೆ ಕತ್ತರಿಸಬಹುದೇ ಎಂದು ಕೇಳಿದ್ದೀರಿ. ಕತ್ತರಿಸಬೇಡಿ ಎಂಬುದೇ ನನ್ನ ಸಲಹೆ.

ಎಕ್ಸ್‌ಪೊನೆನ್ಶಿಯಲ್ ಹಾರ್ನ್‌ನ (ಸಮ ಅಂತರಕ್ಕೊಮ್ಮೆ ಅಡ್ಡಕೊಯ್ತದ ವಿಸ್ತೀರ್ಣ ಒಂದೇ ಪಟ್ಟು ಹೆಚ್ಚುವ ಹಾರ್ನ್) ಬಾಯಿಯ ಸುತ್ತಳತೆ, ಅದರ ಕಟ್‌ಆಫ್ ಆವರ್ತನದ (ಹಾರ್ನ್ ಕೆಲಸ ಮಾಡುವ ಕನಿಷ್ಠ ಆವರ್ತನ) ಒಂದು ತರಂಗಾಂತರದಷ್ಟಿರಬೇಕೆಂಬುದು ಹಳೆಯ ಲೆಕ್ಕ. 100 ಹರ್ಟ್ಸ್‌ಗೆ ಅದು ಸುಮಾರು 3.4 ಮೀಟರ್, ಅಂದರೆ ವ್ಯಾಸ 1.1 ಮೀಟರ್, ಗಂಟಲು (ಡ್ರೈವರ್‌ಗೆ ಕೂಡುವ ಕಿರಿದಾದ ತುದಿ) 25 ಮಿಲಿಮೀಟರ್ ಇದ್ದರೆ ಉದ್ದವೂ ಎರಡು ಮೀಟರ್ ದಾಟುತ್ತದೆ. 1920ರ ದಶಕದ ಚಿತ್ರಮಂದಿರಗಳಲ್ಲಿ 555ಕ್ಕೆ ಜೋಡಿಸುತ್ತಿದ್ದ 15ಎ ಹಾರ್ನನ್ನು ಸುರುಳಿ ಸುತ್ತಿದ್ದು ಅಲಂಕಾರಕ್ಕಲ್ಲ, ಅಷ್ಟು ಉದ್ದವನ್ನು ಪರದೆಯ ಹಿಂದೆ ಅಡಗಿಸಲು. ಬಾಯಿ ಕಿರಿದಾದರೆ ಧ್ವನಿಯ ಒಂದು ಪಾಲು ಅಲ್ಲಿಂದಲೇ ಪ್ರತಿಫಲಿಸಿ ಗಂಟಲಿಗೆ ಮರಳುತ್ತದೆ, ಕೆಳಸ್ವರಗಳು ಏರುಪೇರಾಗುತ್ತವೆ.

ಅದರ ಬದಲು ನೀವು 200 ಹರ್ಟ್ಸ್‌ನ ಹಾರ್ನ್ ಕಟ್ಟಿ: ಬಾಯಿ ಸುಮಾರು 55 ಸೆಂಟಿಮೀಟರ್, ಉದ್ದ 85. ಕಟ್‌ಆಫ್‌ನ ಕೆಳಗೆ ಡ್ರೈವರ್‌ನೊಳಗೆ ಕಂಪಿಸುವ ಪೊರೆಯಾದ ಡಯಾಫ್ರಮ್‌ಗೆ ಗಾಳಿಯ ಹೊರೆ ಸಿಗದೆ ಅದು ಅತಿಯಾಗಿ ಓಲಾಡುವುದರಿಂದ, ತೆಳುವಾದ ಅಲ್ಯೂಮಿನಿಯಂ ಹಾಳೆ ಹರಿಯದಂತೆ ಡ್ರೈವರನ್ನು 300 ಹರ್ಟ್ಸ್‌ನಿಂದ ಮೇಲಕ್ಕಷ್ಟೇ ದುಡಿಸಿ, ಕೆಳಗಿನದನ್ನು 15 ಇಂಚಿನ ಕಾಗದದ ಕೋನ್ ಇರುವ ಸ್ಪೀಕರ್‌ಗೆ ಬಿಡಿ. ಫೀಲ್ಡ್ ಕಾಯಿಲ್‌ಗೆ ತಯಾರಕರು ಹೇಳಿದ ವೋಲ್ಟೇಜನ್ನೇ ಕೊಡಿ. ಅದಕ್ಕೆ ಕೊಡುವ ಡಿಸಿ (ಏಕಮುಖ) ವಿದ್ಯುತ್ತಿನಲ್ಲಿ ಉಳಿದ ಏರಿಳಿತ ಗುಂಯ್‌ಗುಡುವ ಸದ್ದಾಗಿ ಕೇಳಿಸುವುದರಿಂದ, ಆ ಏರಿಳಿತವನ್ನು ತಗ್ಗಿಸುವ ಫಿಲ್ಟರ್‌ನಲ್ಲಿ ಮಾತ್ರ ಜಿಪುಣತನ ಬೇಡ.