ಚಿಕಾಗೋದ ಚಳಿ, ತಣ್ಣಗಿರೋ ಮನೆ, ರಸ್ತೆ ಮೇಲಿನ ಕುರ್ಚಿ

ನಿಮ್ಮ ಕಾಗದ ಎರಡೆರಡು ಸಲ ಓದಿದೆ ತಂಗಿ. ಹಾಸನ ಬಿಟ್ಟು ಚಿಕಾಗೋಗೆ ಬಂದು ಮೂರು ತಿಂಗಳು, ಯಜಮಾನ್ರು ಬೆಳಿಗ್ಗೆ ಹೋದ್ರೆ ಸಂಜೆವರೆಗೂ ಮಾತಿಗೊಂದು ಜೀವ ಇಲ್ಲ, ಮನೆ ಬೆಚ್ಚಗಿರಲ್ಲ, ಓನರ್‌ನ ಕೇಳಿದ್ರೆ ಇನ್ನೊಂದು ಸ್ವೆಟರ್ ಹಾಕ್ಕೊಳ್ಳಿ ಅಂತಾರೆ, ಪಕ್ಕದ ಮನೆಯವರು ‘ಹೌ ಆರ್ ಯೂ’ ಅಂತ ಕೇಳಿ ಉತ್ತರಕ್ಕೂ ನಿಲ್ಲದೆ ಹೋಗ್ತಾರೆ, ಈ ಊರು ಯಾವತ್ತಾದ್ರೂ ನಮ್ದು ಅನ್ಸುತ್ತಾ ಅಕ್ಕಾ ಅಂತ ಬರೆದಿದ್ದೀರಿ. ನಾನೂ ಅಲ್ಲಿ ನಾಲ್ಕು ಚಳಿಗಾಲ ಕಳೆದವಳು, ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತೆ.

ಮನೆ ತಣ್ಣಗಿರೋದನ್ನ ಮಾತ್ರ ದಯವಿಟ್ಟು ಸಹಿಸ್ಕೊಂಡು ಕೂರಬೇಡಿ. ನಿಮ್ಮದು ಓನರೇ ಹೀಟಿಂಗ್ ಕೊಡೋ ಹಳೇ ರೇಡಿಯೇಟರ್ ಮನೆ ಅಂತ ಬರೆದಿದ್ದೀರಿ, ಅಂಥ ಮನೆಗಳಿಗೆ ಚಿಕಾಗೋ ನಗರದ ಕಾನೂನೇ ಇದೆ. ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ, ಬೆಳಿಗ್ಗೆ 8:30ರಿಂದ ರಾತ್ರಿ 10:30ರ ತನಕ ಮನೆ ಒಳಗೆ ಕಮ್ಮಿ ಅಂದ್ರೂ 68 ಡಿಗ್ರಿ ಫ್ಯಾರನ್‌ಹೀಟ್ ಇರ್ಲೇಬೇಕು, ಅಂದ್ರೆ ನಮ್ಮ ಲೆಕ್ಕದ 20 ಡಿಗ್ರಿ, ರಾತ್ರಿ ಹೊತ್ತು 66. ಒಂದು ಸಣ್ಣ ಥರ್ಮಾಮೀಟರ್ ತಂದು ಗೋಡೆಗೆ ಹಾಕಿ, ದಿನಾ ಹೊತ್ತುಹೊತ್ತಿಗೆ ಎಷ್ಟಿದೆ ಅಂತ ಬರೆದಿಡಿ, ಓನರ್‌ಗೆ ಬಾಯಲ್ಲಿ ಹೇಳೋ ಬದಲು ಇಮೇಲ್ ಮಾಡಿ, ಆಗಲೂ ಕೇಳ್ಲಿಲ್ಲ ಅಂದ್ರೆ ನಗರಾಡಳಿತದ 311 ನಂಬರ್‌ಗೆ ಫೋನ್ ಮಾಡಿ ದೂರು ಕೊಡಿ. ಹೊಸಬರು ಅಂತ ಸಂಕೋಚ ಬೇಡ, ಆ ಹಕ್ಕಿಗೆ ಹಳಬರು ಹೊಸಬರು ಅಂತಿಲ್ಲ.

ಹಿಮ ಬಿದ್ದ ಮಾರನೇ ದಿನ ರಸ್ತೇಲಿ ಯಾರೋ ಮುರುಕು ಕುರ್ಚಿ ಬಿಸಾಕಿದ್ರು ಅಂದ್ರಲ್ಲ, ಬಿಸಾಕಿದ್ದಲ್ಲ ಅದು. ಅದಕ್ಕೆ ಅಲ್ಲಿ ‘ಡಿಬ್ಸ್’ ಅಂತಾರೆ. ಮಂಡಿಯುದ್ದ ಹಿಮ ಬಿದ್ದಾಗ ಒಂದು ಕಾರು ಹೊರಗೆ ತೆಗೆಯೋಕೆ ಗಂಟೆಗಟ್ಲೆ ಸಲಿಕೆ ಹಿಡಿದು ಬೆನ್ನು ಮುರ್ಕೋಬೇಕು, ಅಷ್ಟು ಕಷ್ಟಪಟ್ಟು ತೆರವು ಮಾಡಿದ ಜಾಗ ನಂದು, ಸಂಜೆ ನಾನೇ ಬಂದು ನಿಲ್ಲಿಸ್ತೀನಿ ಅಂತ ಕುರ್ಚಿನೋ ಬಕೆಟ್ಟೋ ಇಟ್ಟು ಹೋಗ್ತಾರೆ. ಕಾನೂನಲ್ಲಿ ಇದಕ್ಕೆ ಬೆಲೆ ಇಲ್ಲ, ಆದ್ರೂ ಅಕ್ಕಪಕ್ಕದವರು ಆ ಕುರ್ಚಿ ಮುಟ್ಟಲ್ಲ. ನಮ್ಮೂರಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿತಾರಲ್ಲ, ಹಾಗೇ ಅನ್ಕೊಳ್ಳಿ.

‘ಹೌ ಆರ್ ಯೂ’ ಅನ್ನೋದು ಅಲ್ಲಿ ನಮಸ್ಕಾರ ಇದ್ದಂಗೆ, ‘ಊಟ ಆಯ್ತಾ’ ಅಂತ ನಾವು ಕೇಳಿದ ಹಾಗೆ, ನೀವೂ ಗುಡ್ ಅಂತ ಹೇಳಿ ನಡೀರಿ, ಬೇಜಾರು ಮಾಡ್ಕೋಬೇಡಿ. ಆ ಊರಿನವರ ಮನಸ್ಸು ನನಗೆ ಕಂಡಿದ್ದು ಟ್ರೈನ್ ಸ್ಟೇಷನ್ನಲ್ಲಿ. ಅಲ್ಲಿ ‘ಎಲ್’ ಅಂತ ಕರೆಯೋ ಟ್ರೈನು ಊರ ನಡುವೆ ಕಂಬಗಳ ಮೇಲೆ ಓಡುತ್ತೆ, ಮೇಲೆ ಪ್ಲಾಟ್‌ಫಾರಂನಲ್ಲಿ ನಿಂತ್ರೆ ಗಾಳಿ ಮುಖಕ್ಕೆ ಬ್ಲೇಡ್ ಎಳೆದ ಹಾಗಿರುತ್ತೆ, ಬಟನ್ ಒತ್ತಿದ್ರೆ ತಲೆ ಮೇಲೆ ಹೀಟರ್ ಕೆಂಪಗೆ ಹತ್ಕೊಳ್ಳುತ್ತೆ, ಅದರ ಕೆಳಗೆ ಏಳೆಂಟು ಜನ ಒಬ್ಬರಿಗೊಬ್ಬರು ಅಂಟ್ಕೊಂಡು ನಿಂತಿರ್ತಾರೆ. ನನ್ನ ಮೊದಲ ಜನವರೀಲಿ ನಾನು ದೂರದಲ್ಲಿ ನಡುಗ್ತಾ ನಿಂತಿದ್ದಾಗ ಒಬ್ಬ ವಯಸ್ಸಾದ ಹೆಂಗಸು ಏನೂ ಮಾತಾಡದೆ ಪಕ್ಕಕ್ಕೆ ಸರಿದು, ತಮ್ಮ ಬ್ಯಾಗು ಎತ್ತಿ ಎದೆಗವಚ್ಕೊಂಡು, ಬಾ ಅಂತ ಕಣ್ಣಲ್ಲೇ ಕರೆದ್ರು. ಇವತ್ತಿಗೂ ಆ ಮುಖ ನೆನಪಿದೆ.

ದಾರಿ ತಪ್ಪುತ್ತೆ ಅನ್ನೋ ಭಯಕ್ಕೆ ಒಂದು ಲೆಕ್ಕ ಹೇಳ್ತೀನಿ. ಸ್ಟೇಟ್ ಸ್ಟ್ರೀಟು, ಮ್ಯಾಡಿಸನ್ ಸ್ಟ್ರೀಟು ಸೇರೋ ಜಾಗ ಅಲ್ಲಿನ ಸೊನ್ನೆ, ಅಲ್ಲಿಂದ ನಾಲ್ಕೂ ದಿಕ್ಕಿಗೆ ಮನೆ ನಂಬರ್ ಏರ್ತಾ ಹೋಗುತ್ತೆ, ಸಾಮಾನ್ಯವಾಗಿ 800 ನಂಬರ್‌ಗೆ ಒಂದು ಮೈಲಿ. ಊರಿಗೆ ಅಂಟ್ಕೊಂಡಿರೋ ಮಿಶಿಗನ್ ಸರೋವರ ಯಾವಾಗಲೂ ಪೂರ್ವಕ್ಕೆ. ನಮ್ಮವರ ಅಂಗಡಿಗಳಿರೋ ಡೆವಾನ್ ಅವೆನ್ಯೂ 6400 ನಾರ್ತ್‌ನಲ್ಲಿದೆ ಅಂದ್ರೆ ಮ್ಯಾಡಿಸನ್‌ನಿಂದ ಎಂಟು ಮೈಲಿ ಉತ್ತರಕ್ಕೆ ಅಂತ ಮ್ಯಾಪ್ ಇಲ್ದೆನೇ ಗೊತ್ತಾಗುತ್ತೆ. ಈ ಶನಿವಾರ ಡೆವಾನ್‌ಗೇ ಹೋಗ್ಬನ್ನಿ, ರೆಡ್ ಲೈನ್ ಟ್ರೈನು ಹಿಡಿದು ಲೊಯೋಲಾ ಸ್ಟೇಷನ್ನಲ್ಲಿ ಇಳಿದು 155 ನಂಬರ್ ಬಸ್ಸು. ಕರಿಬೇವು, ಹುಣಸೆಹಣ್ಣು, ತೆಂಗಿನಕಾಯಿ ಎಲ್ಲಾ ಸಿಗುತ್ತೆ, ಪಟೇಲ್ ಬ್ರದರ್ಸ್ ಅನ್ನೋ ನಮ್ಮ ದಿನಸಿ ಅಂಗಡಿ ಶುರುವಾಗಿದ್ದೂ 1974ರಲ್ಲಿ ಅದೇ ರಸ್ತೇಲಿ. ಊರಲ್ಲಿ ವಿದ್ಯಾರಣ್ಯ ಕನ್ನಡ ಕೂಟವೂ ಇದೆ, ಹಬ್ಬಕ್ಕೆ ಕಾರ್ಯಕ್ರಮ ಇದ್ದಾಗ ಹೋಗಿ, ಕನ್ನಡದಲ್ಲಿ ಬಾಯ್ತುಂಬ ಮಾತಾಡಿ.

ನಮ್ದು ಅನ್ಸೋಕೆ ಎಷ್ಟು ದಿನ ಅಂತ ನಾನು ಹೇಳಲಾರೆ. ಎರಡನೇ ವರ್ಷ ಯಾರೋ ನನ್ನನ್ನೇ ದಾರಿ ಕೇಳಿದ್ರು, ನಾನು ಯೋಚಿಸ್ದೇನೇ ಸರೋವರದ ಕಡೆ ಕೈ ತೋರಿಸಿ ಅದು ಪೂರ್ವ, ಇಲ್ಲಿಂದ ಎರಡು ಮೈಲಿ ಅಂತ ಹೇಳ್ಬಿಟ್ಟೆ, ಅವತ್ತು ಮನೆಗೆ ನಡ್ಕೊಂಡೇ ಬಂದೆ. ಥರ್ಮಾಮೀಟರ್ ಎಷ್ಟು ತೋರಿಸ್ತು ಅಂತ ಮುಂದಿನ ಕಾಗದದಲ್ಲಿ ತಪ್ಪದೆ ಬರೀರಿ.

– ಸಂಪಾದಕಿ